ರಸ್ತೆ ಚಂದ ಮಾಡೋಕೆ ಮುಂಚೆ ಒಂದ್ಸಲ ಅಗೆದು ನೋಡಿ

(ಬೆಂಗಳೂರಿನ ಒಂದು ಅಂಗಡಿ ಬೀದಿಯ ವರ್ತಕರ ಸಭೆಯಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದಿದ್ದು, ಹಾರ ತುರಾಯಿ ಭಾಗ ತೆಗೆದಿದೆ.)

ನಿಮ್ಮ ಸಂಘದವರು ಫೋನ್ ಮಾಡೋಕೆ ಮುಂಚೆ ವಾಟ್ಸಾಪಲ್ಲಿ ಒಂದು ಚಿತ್ರ ಕಳಿಸಿದ್ರು, ನಮ್ಮ ರಸ್ತೆ ಹೀಗಾಗತ್ತಂತೆ ಸಾರ್, ಹೇಗಿದೆ ಹೇಳಿ ಅಂತ. ನೋಡ್ದೆ. ಬಹಳ ಚಂದ ಇದೆ. ಬೂದು ಬಣ್ಣದ ಕಲ್ಲು ಹಾಸಿದ್ದಾರೆ, ಸಾಲಾಗಿ ಮರ ಇದೆ, ಆ ಮರ ಯಾವ ಜಾತಿದು ಅಂತ ನನಗೆ ಗೊತ್ತಾಗ್ಲಿಲ್ಲ, ಎಲೆ ಎಲ್ಲ ಕೆಂಪಗಿದೆ, ನಮ್ಮ ಕಡೆ ಬೆಳೆಯೋ ಮರ ಅಂತೂ ಅಲ್ಲ. ಒಬ್ಬಾಕೆ ನಾಯಿ ಹಿಡ್ಕೊಂಡು ಹೋಗ್ತಿದ್ದಾರೆ, ಒಬ್ಬ ಹುಡುಗನ ಕೈಲಿ ಬಲೂನ್ ಇದೆ. ಇಡೀ ಚಿತ್ರದಲ್ಲಿ ಒಂದೇ ಒಂದು ಸ್ಕೂಟರ್ ಇಲ್ಲ. ಸಿಲಿಂಡರ್ ಆಟೋ ಇಲ್ಲ, ಟ್ರಾನ್ಸ್‌ಫಾರ್ಮರ್ ಇಲ್ಲ, ಹೂವಿನಜ್ಜಿ ಇಲ್ಲ, ಮೇಲೆ ಜೋತಾಡೋ ಕೇಬಲ್ ಇಲ್ಲ. ಇವೆಲ್ಲ ಎಲ್ಲಿಗೆ ಹೋದ್ವು ಅಂತ ಕೇಳೋಕೇ ನಾನು ಬಂದಿರೋದು.

ನಾನು ಆರ್ಕಿಟೆಕ್ಟ್ ಅಲ್ಲ, ಪೈಪ್ ಹಾಕೋ ಕಡೆಯವನು. ನನ್ನ ಸರ್ವೀಸ್ ಪೂರ್ತಿ ರಸ್ತೆ ಅಗೆಯೋದ್ರಲ್ಲೇ ಹೋಯ್ತು, ನಿಮ್ಮಂಥವರ ಬೈಗುಳ ತಿನ್ನೋದ್ರಲ್ಲಿ ಹೋಯ್ತು ಅಂತಾನೂ ಹೇಳ್ಬಹುದು. ಅದಕ್ಕೇ ನನಗೆ ರಸ್ತೆ ಅಂದ್ರೆ ಮೇಲಿನದು ಮೊದಲು ಕಾಣ್ಸಲ್ಲ. ಇವತ್ತು ಬರ್ತಾ ನಿಮ್ಮ ಮೂಲೆ ಬೇಕರಿ ಹತ್ರ ಒಂದು ಛೇಂಬರ್, ಅಂದ್ರೆ ಕೆಳಗಿನ ಪೈಪು ಕೇಬಲ್ ನೋಡೋಕೆ ಬಿಟ್ಟಿರೋ ಗುಂಡಿ, ಅದ್ರ ಮುಚ್ಚಳದ ಮೇಲೆ ಮುರಿದ ಪ್ಲಾಸ್ಟಿಕ್ ಕುರ್ಚಿ ಮಗುಚಿ ಇಟ್ಟಿದ್ದು ನೋಡ್ದೆ. ಆ ಕುರ್ಚಿ ವಿಷಯಕ್ಕೆ ಆಮೇಲೆ ಬರ್ತೀನಿ.

ಬೆಂಗಳೂರಲ್ಲಿ ಇಂಥ ಕೆಲಸ ಅಂದ ತಕ್ಷಣ ಎಲ್ಲರೂ ಹೇಳೋದು ಚರ್ಚ್ ಸ್ಟ್ರೀಟ್. ಬ್ರಿಗೇಡ್ ರೋಡಿಂದ ಸೇಂಟ್ ಮಾರ್ಕ್ಸ್ ರೋಡ್‌ವರೆಗೆ, ಎಂಜಿ ರೋಡ್ ಹಿಂದುಗಡೆ ಸಮಾನಾಂತರವಾಗಿ ಹೋಗೋ ಬೀದಿ, ಮುಕ್ಕಾಲು ಕಿಲೋಮೀಟರ್ ಆಸುಪಾಸು ಅಷ್ಟೇ. ಕೊನೆಗೆ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್ ಇದ್ಯಲ್ಲ, ಅದಕ್ಕೇ ಆ ಹೆಸರು. ನಿಮ್ಮಲ್ಲಿ ವಯಸ್ಸಾದವರಿಗೆ ಆ ಮ್ಯೂಸಿಯಂ ರೋಡ್ ಮೂಲೇಲಿದ್ದ ಪ್ರೀಮಿಯರ್ ಬುಕ್ ಶಾಪ್ ನೆನಪಿರತ್ತೆ, ಪುಸ್ತಕದ ಗುಡ್ಡೆ ಮಧ್ಯೆ ಅಡ್ಡಡ್ಡ ನಡೀಬೇಕಿತ್ತು, ಒಂದು ಎಳೆದ್ರೆ ಹತ್ತು ಬೀಳೋದು, 2009ರಲ್ಲಿ ಮುಚ್ಚಿದ್ರು. ಅದೇ ವರ್ಷ ಎಂಜಿ ರೋಡಲ್ಲಿದ್ದ ಇಂಡಿಯಾ ಕಾಫಿ ಹೌಸ್ ಚರ್ಚ್ ಸ್ಟ್ರೀಟಿಗೆ ಬಂತು. ಇರ್ಲಿ, ಇದು ಶುರು ಮಾಡಿದ್ರೆ ನಿಲ್ಲಲ್ಲ. 2017ರಲ್ಲಿ ಆ ಬೀದಿ ಪೂರ್ತಿ ಅಗೆದ್ರು, 2018ರ ಮಾರ್ಚ್ 1ಕ್ಕೆ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಬಂದು ಓಪನ್ ಮಾಡಿದ್ರು. ಡಿಸೈನ್ ಆರ್ಕಿಟೆಕ್ಟ್ ನರೇಶ್ ನರಸಿಂಹನ್ ಅವರದ್ದು. ಡಾಂಬರು ಹೋಗಿ ಗ್ರಾನೈಟ್ ಕೋಬಲ್ ಸ್ಟೋನ್, ಅಂದ್ರೆ ಸಣ್ಣ ಸಣ್ಣ ಹಾಸುಗಲ್ಲು, ಬಂತು, ಫುಟ್‌ಪಾತ್ ಅಗಲ ಆಯ್ತು, ಜನ ಫೋಟೋ ತೆಗೆಸ್ಕೊಳ್ಳೋಕೆ ಬರೋಕೆ ಶುರು ಮಾಡಿದ್ರು. ಬೆಂಗಳೂರಲ್ಲಿ ರಸ್ತೆ ಜೊತೆ ಫೋಟೋ ತೆಗೆಸ್ಕೊಂಡಿದ್ದು ಅದೇ ಮೊದಲಿರ್ಬೇಕು, ಅದಕ್ಕೆ ಮುಂಚೆ ನಾವು ಹಳ್ಳದ ಜೊತೆ ತೆಗೆಸ್ಕೊಂಡು ಪೇಪರಿಗೆ ಕಳಿಸ್ತಿದ್ವಿ.

ಆದ್ರೆ ಚರ್ಚ್ ಸ್ಟ್ರೀಟ್ ಆಕಾಶದಿಂದ ಬಿದ್ದಿದ್ದಲ್ಲ. ಅದಕ್ಕೆ ಮುಂಚೆ ಟೆಂಡರ್‌ಶ್ಯೂರ್ ಅಂತ ಒಂದು ಬಂದಿತ್ತು, ನನ್ನ ಕೇಳಿದ್ರೆ ನಿಜವಾದ ಬದಲಾವಣೆ ಅದು. ಜನಾ ಅರ್ಬನ್ ಸ್ಪೇಸ್ ಅನ್ನೋ ಸಂಸ್ಥೆಯವರು ರಸ್ತೆ ಹೇಗೆ ಕಟ್ಟಬೇಕು ಅಂತ ಒಂದು ಮಾರ್ಗಸೂಚಿ ಬರೆದುಕೊಟ್ರು, ಸರ್ಕಾರ ಅದನ್ನ ಒಪ್ಪಿ ಮೊದಲ ಹಂತದಲ್ಲಿ 7 ರಸ್ತೆ ತಗೊಂಡ್ರು. ರೆಸಿಡೆನ್ಸಿ ರೋಡ್, ರಿಚ್‌ಮಂಡ್ ರೋಡ್, ಕನ್ನಿಂಗ್‌ಹ್ಯಾಮ್ ರೋಡ್, ಸೇಂಟ್ ಮಾರ್ಕ್ಸ್ ರೋಡ್, ವಿಠಲ್ ಮಲ್ಯ ರೋಡ್, ಮ್ಯೂಸಿಯಂ ರೋಡ್, ಕಮಿಸ್ಸಾರಿಯೇಟ್ ರೋಡ್. ಎಲ್ಲಾ ನಗರದ ಮಧ್ಯದ ವ್ಯಾಪಾರದ ರಸ್ತೆಗಳೇ. ಇದ್ರಲ್ಲಿ ರೆಸಿಡೆನ್ಸಿ ರೋಡ್ ಅನ್ನೋದು ನಾವು ಕರೆಯೋ ಹೆಸರು, ಬೋರ್ಡಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ, ಕಾರ್ಯಪ್ಪ ರಸ್ತೆ ಎಲ್ಲಿ ಅಂತ ಆಟೋದವರನ್ನ ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ತಲೆ ಕೆರ್ಕೋತಾರೆ.

ಟೆಂಡರ್‌ಶ್ಯೂರ್ ಏನು ಮಾಡ್ತು ಅಂದ್ರೆ, ಮೊದಲು ಗೋಡೆಯಿಂದ ಗೋಡೆಗೆ ಅಳೀತು. ಕೇಳೋಕೆ ಸಣ್ಣ ವಿಷಯ. ಅದಕ್ಕೆ ಮುಂಚೆ ನಾವು ರಸ್ತೆ ಅಂದ್ರೆ ಡಾಂಬರು ಅಂದ್ಕೊಂಡಿದ್ವಿ, ಡಾಂಬರು ಎಲ್ಲಿಗೆ ಮುಗಿಯತ್ತೋ ಅಲ್ಲಿಗೆ ಎಸ್ಟಿಮೇಟೂ ಮುಗಿಯೋದು, ಉಳಿದಿದ್ದು ಮೋರಿ, ಮೋರಿ ಮೇಲೆ ಚಪ್ಪಡಿ, ಅದನ್ನೇ ಫುಟ್‌ಪಾತ್ ಅಂತ ಕರೀತಿದ್ವಿ. ಗಮನಿಸಿ ನೋಡಿ, ಬೆಂಗಳೂರಿನ ಹಳೇ ಫುಟ್‌ಪಾತ್ ಅಂದ್ರೆ ಮೋರಿ ಮುಚ್ಚಳ ಅಷ್ಟೇ, ನಡೆಯೋರಿಗೆ ಅಂತ ಯಾರೂ ಕಟ್ಟಿದ್ದಲ್ಲ, ಮೋರಿ ಮುಚ್ಚಬೇಕಿತ್ತು ಮುಚ್ಚಿದ್ರು, ಜನ ಅದ್ರ ಮೇಲೆ ನಡೆದ್ರು. ಅದಕ್ಕೇ ಅದು ಏರಿಳಿತ, ಅದಕ್ಕೇ ಎಲ್ಲೋ ಒಂದು ಚಪ್ಪಡಿ ಟಕ್ ಅಂತ ಅಲ್ಲಾಡತ್ತೆ, ಮಳೆಗಾಲದಲ್ಲಿ ಅದ್ರ ಮೇಲೆ ಕಾಲಿಟ್ರೆ ಕೆಳಗಿಂದ ಪಿಚಕಾರಿ ಹೊಡದಂಗೆ ಪ್ಯಾಂಟಿಗೆ ನೀರು.

ಗೋಡೆಯಿಂದ ಗೋಡೆಗೆ ಅಳೆದ್ರೆ ಏನಾಗತ್ತೆ? ಒಂದು ಲೆಕ್ಕ ಹಾಕೋಣ, ಪೆನ್ನು ಇದ್ರೆ ತಗೊಳ್ಳಿ. ನಿಮ್ಮ ರಸ್ತೆ 18 ಮೀಟರ್ ಅಂದ್ಕೊಳ್ಳಿ, 60 ಅಡಿ ರಸ್ತೆ. ಒಂದು ಲೇನಿಗೆ 3 ಮೀಟರ್ ಸಾಕು, ಬಸ್ಸು ಬರೋ ಕಡೆ ಮೂರೂವರೆ. ಈಗ ನಿಮ್ಮ ರಸ್ತೆಯಲ್ಲಿ ಆ ಬಟ್ಟೆ ಅಂಗಡಿ ಮುಂದೆ ಡಾಂಬರು 4 ಲೇನ್ ಅಗಲ ಇದೆ, ಮುಂದೆ ಟ್ರಾನ್ಸ್‌ಫಾರ್ಮರ್ ಹತ್ರ 2 ಲೇನ್, ದೇವಸ್ಥಾನದ ಹತ್ರ 3, ಮತ್ತೆ ಸಿಗ್ನಲ್ ಹತ್ರ 2. ಹೇಳಿ, ಇದು ಎಷ್ಟು ಲೇನ್ ರಸ್ತೆ? 2 ಲೇನ್ ರಸ್ತೆ. ಎಲ್ಲಿ ಕಡಿಮೆ ಇದೆಯೋ ಅಷ್ಟೇ ಗಾಡಿ ಹೋಗೋದು, ಬಾಟಲ್ ಹೊಟ್ಟೆ ಎಷ್ಟು ದಪ್ಪ ಇದ್ರೂ ಎಣ್ಣೆ ಸುರಿಯೋದು ಬಾಯಿ ಅಗಲಕ್ಕೇ ತಾನೆ. ಬಟ್ಟೆ ಅಂಗಡಿ ಮುಂದೆ ಹೆಚ್ಚಿಗೆ ಇರೋ ಆ 6 ಮೀಟರ್, ದೇವಸ್ಥಾನದ ಹತ್ರದ 3 ಮೀಟರ್ ಟ್ರಾಫಿಕ್‌ಗೆ ಏನೂ ಉಪಯೋಗ ಇಲ್ಲ, ಅಲ್ಲಿ ಕಾರು ನಿಂತಿರತ್ತೆ. ಆದ್ರಿಂದ ಟೆಂಡರ್‌ಶ್ಯೂರ್ ಹೇಳಿದ್ದು ಇಷ್ಟು, ರಸ್ತೆ ಉದ್ದಕ್ಕೂ ಒಂದೇ ಸಮ ಅಗಲ ಇಟ್ಕೊಳ್ಳಿ, ಮಿಕ್ಕಿದ್ದು ಎಷ್ಟು ಬರತ್ತೋ ಅದೆಲ್ಲ ಫುಟ್‌ಪಾತಿಗೆ ಕೊಡಿ. ರಸ್ತೆ ಸಣ್ಣ ಮಾಡಿಬಿಟ್ರು ಅಂತ ಆಗ ದೊಡ್ಡ ಗಲಾಟೆ ಆಯ್ತು. ಸಣ್ಣ ಮಾಡ್ಲಿಲ್ಲ, ಪಾರ್ಕಿಂಗ್ ಜಾಗ ಕಿತ್ಕೊಂಡ್ರು ಅನ್ನೋದು ಸರಿಯಾದ ಮಾತು.

ಐಆರ್‌ಸಿ ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದೆ, ಅವರ ನಿಯಮದಲ್ಲಿ ಫುಟ್‌ಪಾತ್ ಕನಿಷ್ಠ 1.8 ಮೀಟರ್ ಖಾಲಿ ಇರ್ಬೇಕು. ಖಾಲಿ ಅನ್ನೋ ಪದ ಅಂಡರ್‌ಲೈನ್ ಮಾಡ್ಕೊಳ್ಳಿ. ಎರಡು ಗಾಲಿಕುರ್ಚಿ ಎದುರುಬದುರು ಬಂದ್ರೆ ದಾಟೋಷ್ಟು ಜಾಗ. ಕರೆಂಟ್ ಕಂಬ, ಮರ, ನಿಮ್ಮ ಜೆರಾಕ್ಸ್ ಬೋರ್ಡು, ನಿಮ್ಮ ಮೆಟ್ಟಿಲು ಇವೆಲ್ಲ ಬಿಟ್ಟು 1.8. ಯಾಕೆ ನಗ್ತಿದ್ದೀರಿ ಗೊತ್ತು ನನಗೆ, ನಿಮ್ಮಲ್ಲಿ ಅರ್ಧ ಜನರ ಮೆಟ್ಟಿಲು ಫುಟ್‌ಪಾತ್ ಮೇಲೇ ಇದೆ. ಕೆಲಸ ಶುರುವಾದ ದಿನ ಮೊದಲು ಹೋಗೋದೂ ಅದೇ, ಆಗ ಗ್ರಾಹಕರು ಅಂಗಡಿ ಒಳಗೆ ಹೇಗೆ ಹತ್ತಬೇಕು ಅನ್ನೋದನ್ನ ಡ್ರಾಯಿಂಗಲ್ಲಿ ಈಗಲೇ ಕೇಳಿ ತೋರಿಸ್ಕೊಳ್ಳಿ, ಕಾಂಕ್ರೀಟ್ ಹಾಕಿದ ಮೇಲಲ್ಲ.

ಈಗ ನನ್ನ ವಿಷಯಕ್ಕೆ ಬರ್ತೀನಿ, ಕೆಳಗಡೆ. ನಿಮ್ಮ ಅಂಗಡಿ ಮುಂದೆ ಒಂದು ಮಾರು ಆಳದೊಳಗೆ ಏನೇನಿದೆ? ಕುಡಿಯೋ ನೀರಿನ ಪೈಪ್ ಇದೆ, ಒಂದಲ್ಲ, ಹಳೇದು ಸತ್ತಿರೋದು ಒಂದು, ಹೊಸದು ಒಂದು, ಸತ್ತಿದ್ದನ್ನ ಯಾರೂ ತೆಗೆಯಲ್ಲ. ಯುಜಿಡಿ ಲೈನ್, ಅಂದ್ರೆ ಒಳಚರಂಡಿ ಇದೆ. ಮಳೆನೀರಿನ ಮೋರಿ ಇದೆ, ಅದಕ್ಕೆ ಯಾರೋ ರಾತ್ರೋರಾತ್ರಿ ಕಕ್ಕಸು ನೀರು ಕನೆಕ್ಷನ್ ಕೊಟ್ಟಿರ್ತಾರೆ. ಕರೆಂಟಿನ ಹೈ ಟೆನ್ಷನ್ ಕೇಬಲ್ ಇದೆ, ಲೋ ಟೆನ್ಷನ್ ಇದೆ, ಬೀದಿ ದೀಪದ್ದು ಬೇರೆ. ಕೆಲವು ಕಡೆ ಗ್ಯಾಸ್ ಪೈಪ್. ಇಂಟರ್ನೆಟ್ಟಿನ ಕೇಬಲ್ ಎಷ್ಟಿದೆ ಅಂತ ದೇವರಿಗೂ ಲೆಕ್ಕ ಸಿಗಲ್ಲ. ಜಲಮಂಡಳಿ ಹುಟ್ಟಿದ್ದು 1964ರಲ್ಲಿ, ಕರೆಂಟಿನ ಬೆಸ್ಕಾಂ 2002ರಲ್ಲಿ, ನಗರ ಪಾಲಿಕೆ ಬಿಬಿಎಂಪಿ 2007ರಲ್ಲಿ, ಈಗ ಅದೂ ಇಲ್ಲ, 2025ರ ಸೆಪ್ಟೆಂಬರಿಂದ ಐದು ಪಾಲಿಕೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಪೈಪು ಇವರೆಲ್ಲರಿಗಿಂತ ಹಳೇದು. ಆಫೀಸು ಬದಲಾದಾಗೆಲ್ಲ ನಕ್ಷೆ ಒಂದು ಬೀರುವಿಂದ ಇನ್ನೊಂದು ಬೀರುಗೆ ಹೋಗತ್ತೆ, ಹೋಗೋ ದಾರೀಲಿ ಒಂದಿಷ್ಟು ಕಳೆದುಹೋಗತ್ತೆ.

ಒಂದು ಸಲ, ಯಾವ ಏರಿಯಾ ಅಂತ ಹೇಳಲ್ಲ, ನಮಗೆ ಕೊಟ್ಟ ನಕ್ಷೇಲಿ ನೀರಿನ ಪೈಪ್ ರಸ್ತೆ ಎಡಗಡೆ ಇತ್ತು. ಸರಿ ಅಂತ ಬಲಗಡೆ ಅಗೆದ್ವಿ. ಜೆಸಿಬಿ ಹಲ್ಲು ತಾಗಿದ ತಕ್ಷಣ ಎರಡಾಳು ಎತ್ತರ ನೀರು. ನಕ್ಷೆ ಬರೆದವರು ರಸ್ತೆ ಆ ತುದಿಯಿಂದ ನೋಡಿ ಬರೆದಿದ್ರು, ನಾವು ಈ ತುದಿಯಿಂದ ನೋಡಿದ್ವಿ, ಉತ್ತರ ದಿಕ್ಕಿನ ಬಾಣದ ಗುರುತು ಜೆರಾಕ್ಸಲ್ಲಿ ಅಳಿಸಿಹೋಗಿತ್ತು. ಎದುರಿಗಿದ್ದ ಪಾತ್ರೆ ಅಂಗಡಿ ಯಜಮಾನರು ಹೊರಗೆ ಬಂದು ಏನಪ್ಪಾ, ನಮ್ಮಪ್ಪ ಇದ್ದಾಗಿಂದ ಪೈಪು ಅಲ್ಲೇ ಇರೋದು, ನನ್ನ ಒಂದು ಮಾತು ಕೇಳಬಾರ್ದಿತ್ತಾ ಅಂದ್ರು. ಅವತ್ತಿಂದ ನಾನು ಯಾವ ರಸ್ತೆಗೆ ಹೋದ್ರೂ ಮೊದಲು ಅಲ್ಲಿನ ಹಳೇ ಅಂಗಡಿಯವರ ಹತ್ರ ಕೂತು ಒಂದು ಕಾಫಿ ಕುಡಿದು ಕೇಳ್ತಿದ್ದೆ, ಆಮೇಲೆ ಟ್ರಯಲ್ ಪಿಟ್. ಟ್ರಯಲ್ ಪಿಟ್ ಅಂದ್ರೆ ಮಷೀನ್ ಇಲ್ದೆ ಗುದ್ದಲಿ ಪಿಕಾಸಿಲಿ ರಸ್ತೆಗೆ ಅಡ್ಡಲಾಗಿ ಒಂದು ಸಣ್ಣ ಕಾಲುವೆ ತೋಡಿ ಕಣ್ಣಾರೆ ನೋಡೋದು. ನಿಧಾನದ ಕೆಲಸ, ಖರ್ಚು ಕಡಿಮೆ, ಆದ್ರೂ ಮಾಡಲ್ಲ, ಯಾಕಂದ್ರೆ ಟೆಂಡರಲ್ಲಿ ಅದಕ್ಕೊಂದು ಸಾಲು ಇರಲ್ಲ. ನಿಮ್ಮ ರಸ್ತೆ ಟೆಂಡರಲ್ಲಿ ಆ ಸಾಲು ಇದೆಯಾ ನೋಡಿ.

ಟೆಂಡರ್‌ಶ್ಯೂರ್ ಮಾಡಿದ ಒಳ್ಳೇ ಕೆಲಸ ಇದು, ಈ ಎಲ್ಲಾ ಪೈಪು ಕೇಬಲ್ ಡಾಂಬರಿನ ಕೆಳಗಿಂದ ತೆಗೆದು ಫುಟ್‌ಪಾತ್ ಕೆಳಗೆ ಒಬ್ಬೊಬ್ಬರಿಗೆ ಒಂದೊಂದು ಡಕ್ಟ್, ಅಂದ್ರೆ ಕೊಳವೆ ದಾರಿ, ಅಂತ ಜಾಗ ಗೊತ್ತು ಮಾಡಿ, ಮಧ್ಯೆ ಮಧ್ಯೆ ಛೇಂಬರ್ ಕೊಟ್ರು, ನಾಳೆ ಕೇಬಲ್ ಹಾಕೋನು ರಸ್ತೆ ಅಗೆಯೋ ಹಾಗಿಲ್ಲ, ಛೇಂಬರ್ ತೆಗೆದು ಈ ಕಡೆಯಿಂದ ತೂರಿಸಿ ಆ ಕಡೆಯಿಂದ ಎಳ್ಕೋಬೇಕು. ಸೀರೆ ಲಂಗಕ್ಕೆ ಲಾಡಿ ಹಾಕ್ತಾರಲ್ಲ, ಹಾಗೆ. ಹೊಲಿಗೆ ಬಿಚ್ಚಬೇಕಾಗಿಲ್ಲ. ಅದಕ್ಕೇ ಆ ರಸ್ತೆಗಳಿಗೆ ದುಡ್ಡು ಜಾಸ್ತಿ ಆಗಿದ್ದು, ಮಾಮೂಲಿ ಡಾಂಬರು ರಸ್ತೆಗಿಂತ ಎಷ್ಟೋ ಪಟ್ಟು. ಇಷ್ಟು ದುಡ್ಡು ಬರೀ ಫುಟ್‌ಪಾತಿಗಾ ಅಂತ ಜನ ಬೈದ್ರು, ಆ ದುಡ್ಡಲ್ಲಿ ದೊಡ್ಡ ಪಾಲು ಮಣ್ಣೊಳಗೆ ಹೋಗಿರೋದು ಯಾರಿಗೂ ಕಾಣ್ಲಿಲ್ಲ. ಮಣ್ಣೊಳಗಿನ ಕೆಲಸಕ್ಕೆ ಯಾರೂ ರಿಬ್ಬನ್ ಕಟ್ ಮಾಡಲ್ಲ ನೋಡಿ.

ಬೈಯೋಕೆ ಬೇರೆ ಕಾರಣ ಇದೆ, ಅದು ನನ್ನದೂ ಹೌದು. ಇಷ್ಟೆಲ್ಲಾ ದುಡ್ಡು ಮೊದಲು ಹೋಗಿದ್ದು ಆಗಲೇ ಸುಮಾರಾಗಿ ಇದ್ದ ರಸ್ತೆಗಳಿಗೆ. ಫುಟ್‌ಪಾತೇ ಇಲ್ಲದ, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾಯಂಕಾಲ ಗಾಡಿ ಮಧ್ಯೆ ನಡ್ಕೊಂಡು ಹೋಗೋ ರಸ್ತೆಗಳು ಎಷ್ಟಿಲ್ಲ, ಅವರ ಸರದಿ ಯಾವಾಗ ಅಂತ ನಾನೂ ಕೇಳಿದ್ದೆ. ಮಾದರಿ ತೋರಿಸ್ಬೇಕು, ಎಲ್ಲರಿಗೂ ಕಾಣೋ ಕಡೆ ತೋರಿಸ್ಬೇಕು ಅನ್ನೋ ಉತ್ತರ ಸಿಕ್ತು. ಒಪ್ಕೊಂಡೆ, ಅರ್ಧ ಮನಸ್ಸಿಂದ.

ಕಲ್ಲಿನ ವಿಷಯ. ಕೋಬಲ್ ಸ್ಟೋನ್ ಅಂದ್ರೆ ಎಲ್ಲರಿಗೂ ಆಸೆ ಈಗ, ಕಮರ್ಷಿಯಲ್ ಸ್ಟ್ರೀಟಲ್ಲೂ ಸ್ಮಾರ್ಟ್ ಸಿಟಿ ದುಡ್ಡಲ್ಲಿ ಹಾಕಿದ್ರು. ಕಲ್ಲು ತಪ್ಪಲ್ಲ. ಆದ್ರೆ ಕಲ್ಲಿನ ರಸ್ತೆ ನಿಲ್ಲೋದು ಕಲ್ಲಿನಿಂದ ಅಲ್ಲ, ಸಂದಿಯಿಂದ ಮತ್ತೆ ಅಂಚಿನಿಂದ. ಕೆಳಗೆ ಗಟ್ಟಿ ತಳ, ಅದ್ರ ಮೇಲೆ ಮರಳಿನ ಹಾಸು, ಮೇಲೆ ಕಲ್ಲು, ಕಲ್ಲಿನ ಮಧ್ಯೆ ಸಂದಿ ತುಂಬಬೇಕು, ಎರಡೂ ಅಂಚಲ್ಲಿ ಕದಲದ ಕಟ್ಟೆ ಇರ್ಬೇಕು. ಹಲ್ಲಿನ ಥರ ಅದು, ಒಂದಕ್ಕೊಂದು ಒತ್ಕೊಂಡು ನಿಂತಿರತ್ತೆ, ಒಂದು ಬಿದ್ರೆ ಪಕ್ಕದ್ದು ಸಡಿಲ, ಆರು ತಿಂಗಳಲ್ಲಿ ದವಡೆ ಖಾಲಿ. ಮಳೆ ಬಂದಾಗ ಸಂದಿಯ ಮರಳು ತೊಳ್ಕೊಂಡು ಹೋಗತ್ತೆ, ಲಾರಿ ತಿರುಗೋ ಜಾಗದಲ್ಲಿ ಕಲ್ಲು ತಿರುಚ್ಕೊಳ್ಳತ್ತೆ, ಯಾರೋ ಒಬ್ಬ ಕೇಬಲ್ಲಿನೋನು ನಾಲ್ಕು ಕಲ್ಲು ಕಿತ್ತು ಕೆಲಸ ಮುಗಿಸಿ ಮೇಲೆ ಒಂದು ಬಾಂಡ್ಲಿ ಸಿಮೆಂಟ್ ಸುರಿದು ಹೋಗ್ತಾನೆ. ಚರ್ಚ್ ಸ್ಟ್ರೀಟಲ್ಲೂ ಕೆಲವೇ ವರ್ಷದಲ್ಲಿ ಕಲ್ಲು ಎದ್ದಿತ್ತು, ರಿಪೇರಿ ಆಯ್ತು, ಮತ್ತೆ ಎದ್ದಿತು. ಮತ್ತೆ, ಒರಟು ಕಲ್ಲಿನ ಮೇಲೆ ಗಾಲಿಕುರ್ಚಿ ತಳ್ಳಿ ನೋಡಿ ಒಂದ್ಸಲ, ನಮ್ಮತ್ತೆಯವರನ್ನ ಕೂರಿಸ್ಕೊಂಡು ಹೋದವನು ನಾನು, ಅವರ ಮಾತು ಇಲ್ಲಿ ಹೇಳೋ ಹಾಗಿಲ್ಲ. ಗಾಡಿ ಓಡೋ ಕಡೆ ಕಲ್ಲು ಹಾಕ್ಲಿ, ಸ್ಪೀಡ್ ಆದ್ರೂ ಕಡಿಮೆ ಆಗತ್ತೆ, ನಡೆಯೋ ಕಡೆ ನುಣ್ಣಗಿರೋದು ಹಾಕಿ ಅಂತ ಕೇಳಿ.

ಮರ ಇರೋ ಕಡೆ ಬುಡದವರೆಗೂ ಕಾಂಕ್ರೀಟ್ ಒತ್ತಿಬಿಡ್ತಾರೆ. ಬುಡದ ಸುತ್ತ 1 ಮೀಟರ್ ಕಾಂಕ್ರೀಟ್ ಇರಬಾರ್ದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದೆ, ದೆಹಲಿ ಕೇಸಲ್ಲಿ. ನಿಮ್ಮ ಬೀದೀಲಿ ಉಳಿದಿರೋದು ಕೆಲವೇ ಮರ, ಬುಡಕ್ಕೆ ಒಂದೊಂದು ಇಟ್ಟಿಗೆ ಸುತ್ತು ಈಗಲೇ ಕಟ್ಟಿಬಿಡಿ, ಅಳತೆ ಹಾಕೋಕೆ ಬಂದವರಿಗೆ ಕಾಣ್ಲಿ.

ಈಗ ನಿಮಗೆ ನಿಜವಾಗ್ಲೂ ಬೇಕಾಗಿರೋ ಪ್ರಶ್ನೆ, ವ್ಯಾಪಾರ ಏನಾಗತ್ತೆ. ಸುಳ್ಳು ಹೇಳಲ್ಲ, ಅಗೆದಿರೋ ದಿನಗಳಲ್ಲಿ ಬೀಳತ್ತೆ. ಧೂಳು ಒಳಗೆ ಬರತ್ತೆ, ಹಲಗೆ ಮೇಲೆ ನಡೆದು ಗ್ರಾಹಕರು ಬರ್ಬೇಕು, ಸೀರೆ ಅಂಗಡಿಗೆ ಹಲಗೆ ಮೇಲೆ ಯಾರು ಬರ್ತಾರೆ. ನಗರದ ಮಧ್ಯದ ಅಂಗಡಿಯವರಿಗೆ ಡಬಲ್ ಏಟು ಬಿತ್ತು, ಸ್ಮಾರ್ಟ್ ಸಿಟಿ ಕೆಲಸಕ್ಕೆ ಒಟ್ಟಿಗೆ ಸುತ್ತಮುತ್ತ ಎಲ್ಲಾ ರಸ್ತೆ ಅಗೆದು ಹಾಕಿದ್ದಾಗಲೇ ಕೋವಿಡ್ ಬಂತು, ಅದ್ರ ಜೊತೆ ಮೆಟ್ರೋಗೆ ಅಂತ ಕಾಮರಾಜ್ ರೋಡ್ 2019ರಲ್ಲಿ ಮುಚ್ಚಿದ್ದು ವರ್ಷಗಟ್ಟಲೆ ತೆಗೀಲಿಲ್ಲ. ಅದಕ್ಕೇ ಹೇಳ್ತೀನಿ, ರಸ್ತೆ ಬೇಕೋ ಬೇಡ್ವೋ ಅಂತ ಜಗಳ ಆಡ್ಬೇಡಿ, ಎಷ್ಟು ಉದ್ದ ಒಂದ್ಸಲಕ್ಕೆ ಅಗೀತೀರಿ ಅಂತ ಜಗಳ ಆಡಿ. ಇಡೀ ರಸ್ತೆ ಒಂದೇ ದಿನ ಅಗೆಯೋದು ಕಂಟ್ರಾಕ್ಟರಿಗೆ ಸುಲಭ, ಜೆಸಿಬಿ ಬಾಡಿಗೆ ಉಳಿಯತ್ತೆ. ನಿಮಗೆ ಬೇಕಾಗಿರೋದು ಇಲ್ಲಿಂದ ಆ ಮೆಡಿಕಲ್ ಸ್ಟೋರ್‌ವರೆಗೆ ಅಗಿ, ಪೈಪ್ ಹಾಕು, ಮುಚ್ಚು, ಆಮೇಲೆ ಮುಂದಕ್ಕೆ ಹೋಗು ಅನ್ನೋದು. ದೀಪಾವಳಿ, ರಂಜಾನ್, ಆಷಾಢದ ಸೇಲ್ ಯಾವಾಗ ಅಂತ ಕ್ಯಾಲೆಂಡರಲ್ಲಿ ಗುರುತು ಮಾಡಿ ಇಂಜಿನಿಯರ್ ಕೈಗೆ ಕೊಡಿ. ಅವರಿಗೆ ಮಾರ್ಚ್ 31 ಒಂದೇ ಹಬ್ಬ ಗೊತ್ತಿರೋದು.

ಮುಗಿದ ಮೇಲೆ? ಎಲ್ಲ ದೇಶದ ಅಂಗಡಿಯವರೂ ಮೊದಲು ಹೆದರಿದ್ದಾರೆ, ಗಾಡಿ ನಿಲ್ಲಿಸೋಕೆ ಜಾಗ ಹೋದ್ರೆ ಗ್ರಾಹಕ ಹೋದ ಅಂತ. ಕೋಪನ್‌ಹೇಗನ್ನಲ್ಲಿ ಸ್ಟ್ರೋಯೆಟ್ ಅನ್ನೋ ಬೀದಿ 1962ರಲ್ಲಿ ಗಾಡಿಗೆ ಬಂದ್ ಮಾಡಿದಾಗ ವರ್ತಕರು ಮುಳುಗಿಹೋದ್ವಿ ಅಂದಿದ್ರು, ಇವತ್ತಿಗೂ ಅದು ಆ ಊರಿನ ದೊಡ್ಡ ಶಾಪಿಂಗ್ ಬೀದಿ. ಚೆನ್ನೈಲಿ ಪಾಂಡಿ ಬಜಾರ್ 2019ರಲ್ಲಿ ಅಗಲದ ಫುಟ್‌ಪಾತ್ ಜೊತೆ ಓಪನ್ ಆಯ್ತು. ದೆಹಲಿ ಚಾಂದನಿ ಚೌಕ್, ಕೆಂಪುಕೋಟೆಯಿಂದ ಫತೇಪುರಿ ಮಸೀದಿವರೆಗೆ 1.3 ಕಿಲೋಮೀಟರ್, 2021ರಲ್ಲಿ ಹೊಸದಾಗಿ ಮಾಡಿ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ಗಾಡಿ ಬೇಡ ಅಂದ್ರು. ನಮ್ಮಲ್ಲೂ 2020ರ ನವೆಂಬರಿಂದ ಮೂರ್ನಾಲ್ಕು ತಿಂಗಳು ಚರ್ಚ್ ಸ್ಟ್ರೀಟನ್ನ ಶನಿವಾರ ಭಾನುವಾರ ಗಾಡಿ ಇಲ್ದಂಗೆ ಮಾಡಿದ್ರು, ಭೂಸಾರಿಗೆ ನಿರ್ದೇಶನಾಲಯದವರು, ಕ್ಲೀನ್ ಏರ್ ಸ್ಟ್ರೀಟ್ ಅಂತ. ಜನ ಕಿಕ್ಕಿರಿದು ಬಂದ್ರು. ಆದ್ರೆ ಅದನ್ನ ನಿಮ್ಮ ರಸ್ತೆಗೆ ಹಾಗೇ ತಗುಲಿಸ್ಬೇಡಿ. ಚರ್ಚ್ ಸ್ಟ್ರೀಟಲ್ಲಿರೋದು ಪುಸ್ತಕ, ಬಿಯರ್, ಕಾಫಿ, ಕೂತು ಕಾಲ ಕಳೆಯೋ ವ್ಯಾಪಾರ, ಪಕ್ಕದಲ್ಲೇ ಮೆಟ್ರೋ. ನಿಮ್ಮಲ್ಲಿ ಹಾರ್ಡ್‌ವೇರ್ ಇದೆ, ಟೈಲ್ಸ್ ಇದೆ, ಕಮೋಡ್ ತಲೆ ಮೇಲೆ ಹೊತ್ಕೊಂಡು ಯಾರೂ ಮೆಟ್ರೋ ಹತ್ತಲ್ಲ. ನಿಮಗೆ ಲೋಡಿಂಗ್‌ಗೆ ಟೈಮು ಬೇಕು, ಜಾಗ ಬೇಕು, ಬೆಳಿಗ್ಗೆ ಇಂತಿಷ್ಟು ಗಂಟೆವರೆಗೆ ಟೆಂಪೋ ನಿಲ್ಲೋಕೆ ಒಂದು ಬೇ. ಆ ಚಿತ್ರದಲ್ಲಿ ಆ ಬೇ ಇಲ್ಲ, ನಾನು ಎರಡು ಸಲ ಹುಡುಕಿದೆ.

ಪಾರ್ಕಿಂಗ್ ಬಗ್ಗೆ ಒಂದು ಮಾತು ಹೇಳಿ ಬೈಸ್ಕೋತೀನಿ. ಬೇರೆ ಒಂದು ಮಾರ್ಕೆಟಲ್ಲಿ ಕೆಲಸ ಮಾಡುವಾಗ ದಿನಾ ನಮ್ಮ ಬ್ಯಾರಿಕೇಡ್ ಪಕ್ಕ ಅದೇ ಬಿಳಿ ಕಾರು, ಅದೇ ಕೆಂಪು ಕಾರು, ಬೆಳಿಗ್ಗೆ ಹತ್ತಕ್ಕೆ ಬಂದ್ರೆ ರಾತ್ರಿ ಶಟರ್ ಎಳೆದ ಮೇಲೇ ಹೊರಡೋದು. ಗ್ರಾಹಕರ ಕಾರಲ್ಲ ಅದು, ಮಾಲೀಕರದ್ದು. ಒಂದು ಕಾರಿನ ಜಾಗ ಅಂದ್ರೆ 5 ಮೀಟರ್ ಉದ್ದ ಎರಡೂವರೆ ಅಗಲ, ಹನ್ನೆರಡೂವರೆ ಚದರ ಮೀಟರ್. ಅಷ್ಟು ಜಾಗಕ್ಕೆ ನಿಮ್ಮ ಬಿಲ್ಡಿಂಗ್ ಓನರ್ ಎಷ್ಟು ಬಾಡಿಗೆ ಕೇಳ್ತಾರೆ ಒಮ್ಮೆ ಯೋಚನೆ ಮಾಡಿ. ಹಾಂ, ಹಿಂದಿನ ಸಾಲಲ್ಲಿ ಯಾರೋ ಕೀ ಬಂಚ್ ಜೇಬಿಗೆ ಹಾಕ್ಕೊಂಡ್ರು.

ಹೂವಿನಜ್ಜಿ ವಿಷಯ ಬಿಟ್ಟಿಲ್ಲ. ಚಿತ್ರದಲ್ಲಿ ಇಲ್ದೇ ಹೋದ್ರೂ ಕಾನೂನಲ್ಲಿ ಇದ್ದಾರೆ ಅವರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸರ್ವೆ ಮಾಡಿ ವ್ಯಾಪಾರದ ಪ್ರಮಾಣಪತ್ರ ಕೊಡದೆ ಎಬ್ಬಿಸೋ ಹಾಗಿಲ್ಲ, ಪಟ್ಟಣ ವ್ಯಾಪಾರ ಸಮಿತಿ ಅಂತ ಇರ್ಬೇಕು, ಅದ್ರಲ್ಲಿ ನೂರಕ್ಕೆ 40 ಸೀಟು ಬೀದಿ ವ್ಯಾಪಾರಿಗಳದ್ದೇ, ಅದ್ರೊಳಗೆ ಮೂರನೇ ಒಂದು ಭಾಗ ಹೆಂಗಸರು. ನಿಮಗೆ ಅವರ ಮೇಲೆ ಸಿಟ್ಟಿದೆ ಅಂತ ಗೊತ್ತು, ಬಾಡಿಗೆ ನಾವು ಕಟ್ತೀವಿ, ವ್ಯಾಪಾರ ಅವರು ಮಾಡ್ತಾರೆ ಅಂತ. ಆದ್ರೆ ಅಗಲದ ಫುಟ್‌ಪಾತ್ ಮಾಡಿ ಅವರಿಗೆ ಜಾಗ ಗುರುತು ಮಾಡದೆ ಬಿಟ್ರೆ ಏನಾಗತ್ತೆ ಅಂದ್ರೆ, ಅವರು ಹೋಗಲ್ಲ, ಬೈಕು ಬರತ್ತೆ. ಖಾಲಿ ಕಲ್ಲು ನೋಡಿದ ತಕ್ಷಣ ಬೈಕಿನವನು ಹತ್ತಿಸ್ತಾನೆ, ಆಮೇಲೆ ಬೊಲ್ಲಾರ್ಡ್, ಅಂದ್ರೆ ಅಡ್ಡಕ್ಕೆ ಗಿಡ್ಡ ಕಂಬ ಹಾಕ್ಬೇಕು, ಬೈಕ್ ನುಗ್ಗದಷ್ಟು ಹತ್ತಿರ ಹಾಕಿದ್ರೆ ಗಾಲಿಕುರ್ಚಿನೂ ಹೋಗಲ್ಲ. ಅಜ್ಜಿ ಕೂತಿರೋ ಕಡೆ ಬೈಕ್ ಹತ್ತಿಸೋ ಗಂಡಸನ್ನ ನಾನಿನ್ನೂ ನೋಡಿಲ್ಲ.

ಕೊನೇದು, ನೋಡ್ಕೊಳ್ಳೋರು ಯಾರು. ಕಂಟ್ರಾಕ್ಟರ್ ಜವಾಬ್ದಾರಿಗೆ ಡಿಫೆಕ್ಟ್ ಲಯಬಿಲಿಟಿ ಅಂತ ಒಂದು ಅವಧಿ ಇರತ್ತೆ, ಅಷ್ಟರೊಳಗೆ ಕೆಲಸ ಕೆಟ್ರೆ ಅವರೇ ಸರಿ ಮಾಡ್ಬೇಕು, ನಿಮ್ಮದು ಎಷ್ಟು ವರ್ಷ ಅಂತ ಬರವಣಿಗೇಲಿ ತಗೊಳ್ಳಿ, ಬೋರ್ಡ್ ಹಾಕಿಸಿ. ಅದು ಮುಗಿದ ಮೇಲೆ ಕಷ್ಟ. ಟೊರಾಂಟೋದಲ್ಲಿ ಬ್ಲೂರ್ ವೆಸ್ಟ್ ವಿಲೇಜ್ ಅಂತ ಒಂದು ಅಂಗಡಿ ಬೀದಿ, 1970ರಲ್ಲಿ ಅಲ್ಲಿನ ವರ್ತಕರು ಕಾನೂನು ಮಾಡಿಸ್ಕೊಂಡ್ರು, ಆ ಬೀದಿಯ ಪ್ರತಿ ಅಂಗಡಿಯೂ ತೆರಿಗೆ ಜೊತೆ ಒಂದು ಹೆಚ್ಚುವರಿ ವಂತಿಗೆ ಕಟ್ಬೇಕು, ಆ ದುಡ್ಡು ಅದೇ ಬೀದಿಗೆ, ದೀಪಕ್ಕೆ, ಗಿಡಕ್ಕೆ, ಕಸಕ್ಕೆ. ಜಗತ್ತಲ್ಲಿ ಆ ಥರದ್ದು ಅದೇ ಮೊದಲು ಅಂತಾರೆ, ಆಮೇಲೆ ನ್ಯೂಯಾರ್ಕು ಲಂಡನ್ನು ಎಲ್ಲ ಕಡೆ ಬಂತು. ನಮ್ಮಲ್ಲಿ ನಡೆದಿದ್ದು ದತ್ತು ಕೊಡೋದು, 2024ರಲ್ಲಿ ಚರ್ಚ್ ಸ್ಟ್ರೀಟ್ ನಿರ್ವಹಣೇನ ಅನ್‌ಬಾಕ್ಸಿಂಗ್ ಬಿಎಲ್‌ಆರ್ ಅನ್ನೋ ಸಂಸ್ಥೆಗೆ ಒಪ್ಪಿಸಿದ್ರು. ಒಳ್ಳೇದೇ, ಆದ್ರೆ ಚರ್ಚ್ ಸ್ಟ್ರೀಟನ್ನ ದತ್ತು ತಗೊಳ್ಳೋಕೆ ಸಾಲು ನಿಲ್ತಾರೆ, ಹಾರ್ಡ್‌ವೇರ್ ಬೀದೀನ ಯಾರು ತಗೋತಾರೆ. ನಿಮ್ಮ ಮಗು ನೀವೇ ಸಾಕ್ಬೇಕು. ಇನ್ನೂರು ಚಿಲ್ಲರೆ ಅಂಗಡಿ ಇದೀರಿ ಅಂತ ಸೆಕ್ರೆಟರಿ ಹೇಳಿದ್ರು, ಗಣೇಶನ ಹಬ್ಬಕ್ಕೆ ನೀವು ಎತ್ತೋ ಚಂದಾ ಎಷ್ಟು ಅಂತಾನೂ ಹೇಳಿದ್ರು, ಅದನ್ನ ನಾನು ಮೈಕಲ್ಲಿ ಹೇಳಲ್ಲ. ಅದ್ರಲ್ಲಿ ನಾಲ್ಕನೇ ಒಂದು ಭಾಗ ಎತ್ತಿಟ್ರೆ ಕಲ್ಲು ಕೂರಿಸೋ ಒಬ್ಬ ಮೇಸ್ತ್ರಿ ತಿಂಗಳಿಗೊಂದು ದಿನ ಬಂದು ಹೋಗ್ತಾನೆ. ಎದ್ದಿರೋ ಒಂದು ಕಲ್ಲನ್ನ ಅವತ್ತೇ ಕೂರಿಸಿದ್ರೆ ಪಕ್ಕದ ನಲವತ್ತು ಉಳಿಯತ್ತೆ. ಕೆಲಸ ನಡೆಯುವಾಗಲೇ ಒಂದಿಷ್ಟು ಕಲ್ಲು ಹೆಚ್ಚಿಗೆ ಕೇಳಿ ತಗೊಂಡು ಯಾರದಾದ್ರೂ ಗೋಡೌನಲ್ಲಿ ಇಟ್ಕೊಳ್ಳಿ, ಆಮೇಲೆ ಆ ಬಣ್ಣ ಆ ಸೈಜ್ ಸಿಗಲ್ಲ, ತೇಪೆ ಬೇರೆ ಬಣ್ಣದಲ್ಲೇ ಬೀಳತ್ತೆ.

ಸರಿ, ಆ ಕುರ್ಚಿ. ಬೇಕರಿ ಮುಂದೆ ಛೇಂಬರ್ ಮೇಲೆ ಇಟ್ಟಿರೋ ಕುರ್ಚಿ ಯಾರದು? ಬೇಕರಿಯವರದ್ದಾ, ಸರಿ, ಮುಚ್ಚಳ ಒಡೆದಿದೆ ಜನ ಬೀಳ್ತಾರೆ ಅಂತ ಇಟ್ಟಿದ್ದೀರಿ, ಒಳ್ಳೇ ಕೆಲಸ. ಎಷ್ಟು ದಿನ ಆಯ್ತು? ಉಗಾದಿಯಿಂದ. ಆ ಮುಚ್ಚಳ ಯಾರದು? ಜೋರಾಗಿ ಹೇಳಿ. ಜಲಮಂಡಳಿ ಅಂತ ಒಬ್ಬರು. ಬೆಸ್ಕಾಂ ಅಂತ ಅಲ್ಲಿಂದ. ಅಲ್ಲಿ ಮೂಲೇಲಿ ಟೆಲಿಫೋನಿನೋರದ್ದು ಅಂತಿದ್ದಾರೆ. ಮೂರು ಜನ, ಮೂರು ಉತ್ತರ. ಸೋಮವಾರ ಇಂಜಿನಿಯರ್ ಬರ್ತಾರಂತಲ್ಲ, ಆ ಚಿತ್ರ ಪಕ್ಕಕ್ಕಿಟ್ಟು ಮೊದಲು ಇದನ್ನೇ ಕೇಳಿ. ಸಾಮಾನ್ಯವಾಗಿ ಮುಚ್ಚಳದ ಮೇಲೆ ಎರಕದಲ್ಲೇ ಇಲಾಖೆ ಅಕ್ಷರ ಇರತ್ತೆ, ಮಣ್ಣು ಕೂತಿರತ್ತೆ ಅಷ್ಟೇ. ಟೀ ಕುಡಿದು ಹೋಗೋಣ, ಯಾರಾದ್ರೂ ಒಂದು ಹಳೇ ಬ್ರಷ್ ತನ್ನಿ.